ಐದನೇ ಗ್ಲಾಸ್ ಬೇಡ

"ಐದನೇ ಗ್ಲಾಸ್ ಬೇಡ," ಎಂದ ರುಚಿ ನೋಡುತ್ತಿದ್ದ ನಸ್ರಿ.

ಬೆಕಾ ಕಣಿವೆಯ ಆ ಹಳ್ಳಿಯ ವೈನ್ ಸಹಕಾರ ಸಂಘದಲ್ಲಿ ಮೇಜಿನ ಸುತ್ತ ನಿಂತಿದ್ದ ರೈತರೆಲ್ಲ ಗುಮಾಸ್ತನತ್ತ ತಿರುಗಿದರು. ಮೇಜಿನ ಮೇಲೆ ಬರೀ ಸಂಖ್ಯೆ ಹಚ್ಚಿದ ಗ್ಲಾಸ್‌ಗಳು. ಯಾರ ಹೊಲದ ವೈನ್ ಯಾವುದೆಂದು ರುಚಿ ನೋಡುವವನಿಗೆ ಗೊತ್ತಿರಬಾರದು, ಅದು ಸಂಘದ ನಿಯಮ. ಅವನು ಆರಿಸಿದ್ದೆಲ್ಲ ಬೆರೆತು ಊರ ಹೆಸರಿನ ಬಾಟಲಿ ಸೇರುತ್ತದೆ. ಆ ವರ್ಷ ಮೊದಲ ಸಲ ಆ ಬಾಟಲಿ ಸಮುದ್ರ ದಾಟಿ ಹೋಗುವುದಿತ್ತು.

ಗುಮಾಸ್ತ ಚೀಟಿ ಬಿಚ್ಚಿದ.

"ಐದನೇದು... ಅಧ್ಯಕ್ಷರದ್ದು."

ಸಾಬೀನ್ ತನ್ನ ಮುಖದ ಮೇಲಿನ ನಗುವನ್ನು ಮಾಸಲು ಬಿಡಲಿಲ್ಲ. ಅಧ್ಯಕ್ಷೆಯಾದವಳಿಗೆ ಅಷ್ಟಾದರೂ ಬರಬೇಕು. ಹಶೀಶ್ ತೆಗೆಯುವ ಗಾಂಜಾ ಗಿಡ ಕಿತ್ತು ದ್ರಾಕ್ಷಿ ಬಳ್ಳಿ ನೆಡಿ ಎಂದು ಮನೆಮನೆಗೆ ಹೋಗಿ ಬೇಡಿಕೊಂಡವಳು ಅವಳು. ಈಗ ಅವಳದೇ ಹೊಲದ ವೈನ್ ಬೇಡ! ಅದೂ ಅಪ್ಪ ಸಾಯುವ ಮುಂಚೆ ಕೈಯಾರೆ ಸವರಿದ ಬಳ್ಳಿಗಳದ್ದು.

ನಸ್ರಿ ಅವಳತ್ತ ನೋಡಲೇ ಇಲ್ಲ.

'ಇವನೂ ದೂರವಾದನಾ?' ಎಂದುಕೊಂಡಳು.

ಆ ಊರಿನಲ್ಲಿ ಅವಳ ಜೊತೆ ಜಗಳವಾಡುವವನು ಅವನೊಬ್ಬನೇ. ಉಳಿದವರು ಅವಳು ಬಂದರೆ ಎದ್ದು ನಿಲ್ಲುತ್ತಾರೆ, ಕುರ್ಚಿ ಕೊಡುತ್ತಾರೆ, ಬಾಯಿಗೆ ಬಂದ ತಮಾಷೆಯನ್ನು ನುಂಗಿಕೊಳ್ಳುತ್ತಾರೆ. ಗೌರವದಿಂದ ಹೊಟ್ಟೆ ತುಂಬುತ್ತದೆಯೇ? ಝಾತರ್ ಮಸಾಲೆ ಹಚ್ಚಿದ ರೊಟ್ಟಿಯನ್ನು ಕಾರಿನಲ್ಲಿ ಕೂತು ಒಬ್ಬಳೇ ತಿನ್ನುವವಳನ್ನು ಕೇಳಿ ನೋಡಿ. ಸಂಘದ ವೈನ್ ಮಾಡುವ ನಸ್ರಿ ಮಾತ್ರ ಬೆಳಿಗ್ಗೆ ಕಾಫಿ ಹಿಡಿದು ಬಂದು, "ನಿನ್ನ ಯೋಜನೆಯೆಲ್ಲ ತಲೆಕೆಳಗು, ಸಾಬೀನ್," ಎಂದು ಶುರುಮಾಡುತ್ತಿದ್ದ. ಆ ಜಗಳಕ್ಕಾಗಿಯೇ ಅವಳು ತಲೆಯನ್ನು ಎರಡೆರಡು ಸಲ ಬಾಚಿಕೊಂಡು ಬರುತ್ತಿದ್ದಳು.

"ನಿಮ್ಮ ಕೆಲಸ ನೀವು ಮಾಡಿದ್ದೀರಿ, ಉಸ್ತಾದ್ ನಸ್ರಿ," ಎಂದಳು.

ಆ 'ನೀವು' ಅವನಿಗೆ ತಾಗಿತು. ತಾಗಲೆಂದೇ ಅಂದಿದ್ದಳು.

ಮುದುಕ ಅಬು ತನ್ನೂಸ್ ಮುಂದೆ ಬಂದ. "ಇನ್ನೊಂದ್ಸಲ ರುಚಿ ನೋಡಿಸಿದ್ರಾಯ್ತು ಬಿಡು, ಮಗಳೇ. ಅಧ್ಯಕ್ಷರದ್ದನ್ನೇ ಬಿಡೋಕಾಗುತ್ತಾ?"

"ಬಿಡಲೇಬೇಕು, ದೊಡ್ಡಪ್ಪ. ನಿಮ್ಮದು ಹೋಗಿದ್ರೆ ಇನ್ನೊಂದ್ಸಲ ನೋಡಿಸ್ತಿದ್ವಾ? ನನಗೂ ಅದೇ ನಿಯಮ."

ಮುದುಕ ಐದನೇ ಗ್ಲಾಸನ್ನು ಪಕ್ಕಕ್ಕೆ ಸರಿಸಿದ. ಬಳ್ಳಿ ಕಿತ್ತು ಮತ್ತೆ ಹಶೀಶ್ ಬಿತ್ತುತ್ತೇನೆಂದು ಚಳಿಗಾಲವಿಡೀ ಹೆದರಿಸುತ್ತಿದ್ದವನು ಅವನೇ.

"ಹಾಗಾದ್ರೆ ನಮ್ಮ ಬಳ್ಳಿ ಇರಲಿ," ಎಂದ. ಅವನ ತಮ್ಮಂದಿರೂ ತಲೆಯಾಡಿಸಿದರು.

ಸಾಬೀನ್ ಊರನ್ನು ಗೆದ್ದಿದ್ದಳು. ಗೆದ್ದೆನೆಂದು ಹೇಳಿಕೊಳ್ಳಲು ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಎಲ್ಲರೂ ಹೋದ ಮೇಲೆ ಆ ಗ್ಲಾಸನ್ನು ಎತ್ತಿಕೊಂಡಳು. ಒಂದು ಗುಟುಕು. ಇನ್ನೊಂದು... ಅದರಲ್ಲಿ ಒಂದು ದೋಷವೂ ಇರಲಿಲ್ಲ. ಅವಳೂ ವೈನ್ ಮಾಡುವುದನ್ನೇ ಓದಿ ಬಂದವಳು, ಅಷ್ಟು ಗೊತ್ತಾಗದೇ?

ಹಾಗಾದರೆ ಅವನು ಸುಳ್ಳು ಹೇಳಿದ. ಯಾಕೆ?

ಸಿಟ್ಟಿನಲ್ಲೇ ನೆಲಮಾಳಿಗೆಗೆ ಇಳಿದಳು. ತೊಟ್ಟಿಗಳ ನಡುವೆ ನಸ್ರಿ ತನ್ನ ಬೂಟುಗಳನ್ನು ಚೀಲಕ್ಕೆ ತುರುಕುತ್ತಿದ್ದ.

"ನನ್ನ ವೈನಲ್ಲಿ ಏನು ಕೆಟ್ಟಿತ್ತು? ಹೇಳು."

"ಏನೂ ಇಲ್ಲ."

"ಮತ್ತೆ?"

ಅವನು ಚೀಲ ಕೆಳಗಿಟ್ಟ. "ಮೂಸಿದ ತಕ್ಷಣ ನಿನ್ನ ಹೊಲದ್ದು ಅಂತ ಗೊತ್ತಾಗೋಯ್ತು. ತುಂಬಾ ಚೆನ್ನಾಗಿದೆ ಅನ್ನಿಸ್ತು. ವೈನೇ ಚೆನ್ನಾಗಿದೆಯೋ, ನಿಂದು ಅಂತ ಚೆನ್ನಾಗಿದೆಯೋ... ಬೇರೆ ಮಾಡೋಕೆ ನನ್ನ ಕೈಲಾಗ್ಲಿಲ್ಲ."

"ಅದನ್ನ ಅಲ್ಲೇ ಹೇಳಬಹುದಿತ್ತಲ್ಲ?"

"ಏನಂತ? ನಿಮ್ಮ ಅಧ್ಯಕ್ಷರ ಮೇಲೆ ನನಗೆ ಮನಸ್ಸಾಗಿದೆ, ಈ ಗ್ಲಾಸ್ ತೆಗೀರಿ ಅಂತನಾ? ಅಬು ತನ್ನೂಸ್ ಮುಂದೆ?"

ಅವಳಿಗೆ ನಗು ಬಂತು. ಜೊತೆಗೆ ಕಣ್ಣೂ ತುಂಬಿತು. ಇಷ್ಟು ದಿನ ಅವಳು ಅನುಭವಿಸಿದ ಒಂಟಿತನದ ಪಕ್ಕದಲ್ಲೇ ಇನ್ನೊಂದು ಒಂಟಿತನ ಕಾಫಿ ಹಿಡಿದು ನಿಂತಿತ್ತಲ್ಲ!

"ಝಹ್ಲೆ ಪಟ್ಟಣದಿಂದ ಬೇರೆ ಯಾರನ್ನಾದ್ರೂ ಕರೆಸಿಕೋ," ಎಂದ ನಸ್ರಿ. "ರುಚಿ ನೋಡೋನ ಮೇಲೆ ನಂಬಿಕೆ ಹೋದ್ರೆ ಸಂಘ ಉಳಿಯಲ್ಲ. ನಾನು ಹೊರಡ್ತೀನಿ."

"ರುಚಿ ನೋಡೋಕೆ ಹೊರಗಿನವರು ಬರ್ತಾರೆ. ಯಾಕೆ ಅಂತ ನಾನೇ ಎಲ್ಲರಿಗೂ ಹೇಳ್ತೀನಿ. ವೈನ್ ಮಾಡೋದು ನೀನೇ."

ಅದು ಅಧ್ಯಕ್ಷೆಯ ದನಿ. ಮುಂದಿನ ಮಾತಿಗೆ ಆ ದನಿ ಒದಗಲಿಲ್ಲ.

"ಹೋಗಬೇಡ, ನಸ್ರಿ... ನೀನೂ ಹೋದ್ರೆ ನನ್ನ ಹೆಸರು ಹಿಡಿದು ಕರೆಯೋರೇ ಇರಲ್ಲ."

ಅವನು ಹತ್ತಿರ ಬಂದ. "ಸಾಬೀನ್," ಎಂದ, ಜಗಳದ ಸುಳಿವೇ ಇಲ್ಲದ ದನಿಯಲ್ಲಿ.

ಅವಳು ಕಣ್ಣೊರೆಸಿಕೊಂಡಳು. "ಆದ್ರೆ ನನ್ನ ತೊಟ್ಟಿ ಊರ ಬಾಟಲಿಗೆ ಸೇರಲ್ಲ. ಕೊಟ್ಟ ಮಾತು ಕೊಟ್ಟಿದ್ದೇ."

"ಸೇರಿಸಬೇಡ."

"ಅಷ್ಟೊಂದು ವೈನ್ ಇಟ್ಕೊಂಡು ನಾನೊಬ್ಬಳೇ ಏನು ಮಾಡಲಿ?"

ನಸ್ರಿ ತೊಟ್ಟಿಯನ್ನು ಬುಡದಿಂದ ತುದಿಯವರೆಗೆ ಅಳೆಯುವಂತೆ ನೋಡಿದ.

"ಮದುವೆಗೆ ಇಡೀ ಊರನ್ನೇ ಕರೀಬೇಕಾಗುತ್ತೆ," ಎಂದ.

ಅವಳು ಅವನ ತೋಳಿಗೆ ಹಣೆಯಿಟ್ಟಳು.

"ಕರಿ," ಎಂದಳು. "ಎಲ್ಲರನ್ನೂ ಕರಿ."