ನಾಲ್ಕು ಸಲ ಉಸಿರು ಬಿಟ್ಟ ಕಾರು

ಕಾರಿನ ಕೆಳಗಿನಿಂದ ಎರಡು ಕಾಲುಗಳು ಹೊರಚಾಚಿದ್ದವು. ಒಂದಕ್ಕೆ ಬೂಟಿತ್ತು, ಇನ್ನೊಂದಕ್ಕೆ ಇರಲಿಲ್ಲ.

ಪಕ್ಕದ ಶಾವಿಗೆ ಅಂಗಡಿಯ ಮುದುಕಿ ಸಾಫಿಯಾಳ ಕೈಯಲ್ಲಿದ್ದ ಬಟ್ಟಲು ಜಾರಿ ಬಿತ್ತು. ಹುಳಿಸಾರು, ತಣ್ಣನೆಯ ಶಾವಿಗೆ, ಮೆಣಸಿನಕಾಯಿ ಎಲ್ಲ ಗ್ಯಾರೇಜಿನ ನೆಲದ ಪಾಲಾಯಿತು.

"ಬನ್ರೋ! ಯಾರಾದ್ರೂ ಬನ್ರೋ! ತುರಾತ್ ಕಾರಿನಡಿ ಸಿಕ್ಕೊಂಡಿದಾನೆ!"

ಪಕ್ಕದ ಟೈರ್ ಅಂಗಡಿಯಿಂದ ಮೂವರು ಓಡಿ ಬಂದರು. ಜ್ಯಾಕ್ ಕೊಟ್ಟು ಕಾರನ್ನು ಎತ್ತಿದರು, ಮೆಕ್ಯಾನಿಕ್ ತುರಾತ್‌ನನ್ನು ಎಳೆದು ಹೊರಗೆ ಹಾಕಿದರು. ಎದೆಗೂಡು ತಗ್ಗಿ ಹೋಗಿತ್ತು. ಉಸಿರು ಮಾತ್ರ ಇತ್ತು, ಇದೆಯೋ ಇಲ್ಲವೋ ಎನ್ನುವಷ್ಟು.

ಪೊಲೀಸ್ ಕ್ಯಾಪ್ಟನ್ ಜಿಪಾರಾ ಬರುವ ಹೊತ್ತಿಗೆ ಆಂಬ್ಯುಲೆನ್ಸ್ ಹೊರಟಾಗಿತ್ತು. ಬೆಳಗಿನ ಹತ್ತೂ ಕಾಲು. ಕರಾಕೋಲ್ ಊರಿನ ಹಿಂದೆ ಹಿಮದ ಬೆಟ್ಟಗಳು ಬಿಸಿಲಿಗೆ ಕಣ್ಣು ಕುಕ್ಕುತ್ತಿದ್ದವು.

"ಅಪಘಾತ, ಎಜೆ," ಎಂದ ಲೆಫ್ಟಿನೆಂಟ್ ಎಲಾಮಾನ್. ಠಾಣೆಯಲ್ಲಿ ಜಿಪಾರಾ ಎಲ್ಲರಿಗೂ ಎಜೆಯೇ, ಅಕ್ಕನೇ. "ಇಪ್ಪತ್ತು ವರ್ಷದ ಕಾರು. ಸ್ಪ್ರಿಂಗ್ ಬದಲು ಗಾಳಿ ಚೀಲದ ಮೇಲೆ ನಿಲ್ಲೋದು. ಚೀಲ ಒಡೀತು, ಕಾರು ಕೂತ್ಕೊಂಡ್ತು. ಮುಗೀತು."

ಜಿಪಾರಾ ಬಗ್ಗಿ ಚಕ್ರಗಳ ಮೇಲೆ ಕಣ್ಣಾಡಿಸಿದಳು. ಅಂಥದ್ದೇ ಕಪ್ಪು ಜರ್ಮನ್ ಸೆಡಾನ್ ಅವಳ ಮನೆಯಂಗಳದಲ್ಲೂ ಇತ್ತು. ಅಪ್ಪ ಬಿಟ್ಟು ಹೋದದ್ದು. ಅದರ ಒಂದೊಂದು ರೋಗವೂ ಅವಳಿಗೆ ಬಾಯಿಪಾಠ.

"ನಮ್ಮನೇ ಕಾರಿನ ಚೀಲಾನೂ ಸೋರುತ್ತೆ ಎಲಾಮಾನ್. ಸಂಜೆ ನಿಲ್ಲಿಸಿದ್ರೆ ಬೆಳಿಗ್ಗೆ ಹೊತ್ತಿಗೆ ಒಂದು ಮೂಲೆ ಕುಸಿದಿರುತ್ತೆ. ಒಂದೇ ಮೂಲೆ. ಅದಕ್ಕೂ ಇಡೀ ರಾತ್ರಿ ಬೇಕು."

"ಹಾಗಾದ್ರೆ ಕಂಪ್ಯೂಟರ್ ಕೆಟ್ಟು ತಾನೇ ಇಳಿಸಿರಬಹುದು."

ಅವಳು ಡಿಕ್ಕಿ ತೆರೆದಳು. ಬ್ಯಾಟರಿಯ ವೈರು ಬಿಚ್ಚಿಟ್ಟಿತ್ತು.

"ಕರೆಂಟೇ ಇಲ್ಲ. ಕಂಪ್ಯೂಟರ್ ನಿದ್ದೆ ಮಾಡ್ತಿತ್ತು."

* * *

ಸಾಫಿಯಾಳ ಅಂಗಡಿಗೂ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಜಿಪಾರಾ ಅವಳನ್ನು ಒಳಗೆ ಕೂರಿಸಿ ಬಾಗಿಲು ಹಾಕಿದಳು.

"ಏನು ಕೇಳಿಸ್ತು ಎಜೆ? ನಿಧಾನವಾಗಿ ಹೇಳಿ."

"ಸುಯ್ ಅಂತು ಮಗಳೇ. ಮಂತಿ ಕಡುಬು ಬೇಯಿಸೋ ಪಾತ್ರೆ ಮುಚ್ಚಳ ತೆಗೆದ ಹಾಗೆ. ಸ್ವಲ್ಪ ಹೊತ್ತಿಗೆ ಇನ್ನೊಂದ್ಸಲ ಸುಯ್. ಆಗ ತುರಾತ್ ಕಿರುಚಿದ. ಆಮೇಲೆ ಮತ್ತೆ ಸುಯ್, ಮತ್ತೆ ಸುಯ್. ನಾನು ಬಟ್ಟಲು ಹಿಡ್ಕೊಂಡೇ ಓಡಿದೆ. ಕಾರು ನಾಲ್ಕೂ ಕಾಲು ಮಡಚಿದ ಒಂಟೆ ಥರ ನೆಲಕ್ಕೆ ಕೂತಿತ್ತು."

"ನಾಲ್ಕು ಸಲ? ಲೆಕ್ಕ ಸರಿಯಾಗಿದೆಯಾ?"

"ಕಿವಿ ಇನ್ನೂ ಗಟ್ಟಿ ಇದೆ ಕಣಮ್ಮ, ಮಂಡಿ ಮಾತ್ರ ಹೋಗಿರೋದು."

"ಒಳಗೆ ಬೇರೆ ಯಾರಿದ್ರು?"

"ಯಾರೂ ಕಾಣ್ಲಿಲ್ಲ. ಹಿಂಬಾಗಿಲು ಮಾತ್ರ ಗಾಳಿಗೆ ಬಡ್ಕೊಳ್ತಿತ್ತು."

"ಈ ಸದ್ದಿನ ವಿಷಯ ಯಾರಿಗಾದ್ರೂ ಹೇಳಿದ್ರಾ?"

"ಎಲ್ಲಿ ಹೇಳ್ಲಿ ಕಣಮ್ಮ! ಕಿರುಚೋದ್ರಲ್ಲೇ ಗಂಟಲು ಹೋಗಿತ್ತು."

"ಹೇಳ್ಬೇಡಿ. ನಾನು ಬರೋವರೆಗೂ ಇಲ್ಲೇ ಇರಿ."

* * *

ಹೊರಗೆ ಎಲಾಮಾನ್ ಬೇಟೆ ಹಿಡಿದವನ ಗತ್ತಿನಲ್ಲಿ ನಿಂತಿದ್ದ. ಪಕ್ಕದಲ್ಲಿ ಬಾಗಿಲಿನಷ್ಟು ಅಗಲದ ಒಬ್ಬ ಮನುಷ್ಯ. ಕುಸ್ತಿಯ ಕೋಚ್ ಸಗೀನ್. ಕಾರಿನ ಮಾಲೀಕ.

"ನಿನ್ನೆ ಇಡೀ ಬೀದಿ ಕೇಳೋ ಹಾಗೆ ಕೂಗಾಡಿದಾನೆ ಎಜೆ. 'ನಿನ್ನನ್ನ ಈ ಕಾರಿನಡಿಗೇ ಹೂತು ಹಾಕ್ತೀನಿ' ಅಂತ. ಈಗ ಮಿನಿಬಸ್ಸಲ್ಲಿ ಸಿಕ್ಕಿದ."

"ಕೂಗಿದೆ!" ಸಗೀನ್ ಗುಡುಗಿದ. "ನೀವಾಗಿದ್ರೆ ಕೂಗ್ತಿರಲಿಲ್ವಾ? ಮೊದಲು ರೇಡಿಯೇಟರ್ ಸೀಳಿ ನೀರು ಗೇರ್‌ಬಾಕ್ಸಿಗೆ ಹೋಯ್ತು. ತೊಂಬತ್ತು ಸಾವಿರ ಸೋಮ್. ಎಂಜಿನ್ ಎಣ್ಣೆ ಬೆವರ್ತು, ಹದಿನೆಂಟು. ಚಳಿಗಾಲದಲ್ಲಿ ಕಿಟಕಿ ಇಳೀತು, ಹತ್ತಲೇ ಇಲ್ಲ. ಹೆಂಡತಿ ಕಂಬಳಿ ಹೊದ್ಕೊಂಡು ಮದುವೆಗೆ ಬಂದ್ಲು. ಕೊನೇಗೆ ನಾಲ್ಕು ಗಾಳಿ ಚೀಲ, ಹೊಚ್ಚ ಹೊಸವು ಅಂತ ಒಂದೂ ಮುಕ್ಕಾಲು ಲಕ್ಷ! ಎರಡೇ ತಿಂಗಳಿಗೆ ಮತ್ತೆ ಸೋರಿದ್ರೆ? ಈ ದುಡ್ಡಿಗೆ ಎಂಟು ಕುದುರೆ ಬರ್ತಿದ್ವು ತಂಗಿ. ಕುದುರೆಗಳು ಮರೀನಾದ್ರೂ ಹಾಕ್ತಿದ್ವು!"

"ಬೈಕೆ, ಚೀಲಗಳಿಗೆ ಗಾಳಿ ಹಂಚೋ ವಾಲ್ವ್ ಎಲ್ಲಿರುತ್ತೆ, ತೋರ್ಸಿ." ಅಣ್ಣ ಎನ್ನುವ ಹಾಗೆ ಬೈಕೆ ಎಂದೇ ಕರೆದು ಕೇಳಿದಳು ಜಿಪಾರಾ.

ಸಗೀನ್ ಕಾರಿನ ಸುತ್ತ ಒಂದು ಸುತ್ತು ಹಾಕಿದ. ಟೈರಿನ ಬಾಯಿಗೆ ಬೆರಳಿಟ್ಟ. "ಇದಲ್ವಾ?"

ಎಲಾಮಾನನ ಗತ್ತು ಅರ್ಧ ಇಳಿಯಿತು.

"ಎಲ್ಲಿಗೆ ಓಡ್ತಿದ್ರಿ?"

"ಓಡೋದಾ? ಇಲ್ಲಿಗೇ ಬರ್ತಿದ್ದೆ. ಬೆಳಿಗ್ಗೆ ತುರಾತೇ ಫೋನ್ ಮಾಡಿದ್ದ. 'ಬೈಕೆ, ನಿಮ್ಮ ಸಿಟ್ಟು ನ್ಯಾಯ. ನನಗೂ ಮೋಸ ಆಗಿದೆ. ಬನ್ನಿ, ಕಣ್ಣಾರೆ ತೋರಿಸ್ತೀನಿ' ಅಂದ."

* * *

ಜಿಪಾರಾ ಟಾರ್ಚ್ ಹಿಡಿದು, ಸ್ಟ್ಯಾಂಡ್ ಕೊಟ್ಟು ನಿಲ್ಲಿಸಿದ್ದ ಕಾರಿನಡಿ ಅಂಗಾತ ಸರಿದಳು. ತುರಾತ್ ಬಿದ್ದಿದ್ದ ಜಾಗದಲ್ಲಿ ಒಂದು ಬಟ್ಟೆ ಚೂರು. ಪೆಟ್ರೋಲ್ ವಾಸನೆ, ಅಂಟಿಕೊಂಡ ಕಪ್ಪು ಬಣ್ಣ. ತಲೆಯ ಮೇಲೆ ಮುಂದಿನ ಚಕ್ರದ ಗಾಳಿ ಚೀಲ. ಅದರ ಒಂದು ಕಡೆ ಬಣ್ಣ ಉಜ್ಜಿ ತೆಗೆದಿತ್ತು. ಅಡಿಯಲ್ಲಿ ಅಚ್ಚಿನ ಅಕ್ಷರ ಸ್ಪಷ್ಟ: ತಯಾರಾಗಿ ಹದಿನಾರು ವರ್ಷ.

ಗುಜರಿಯ ಚೀಲಕ್ಕೆ ಬಣ್ಣ ಬಳಿದು ಹೊಸದೆಂದು ಮಾರಿದ್ದರು!

ಹೊರಗೆ ಬಂದವಳೇ ತೆರೆದೇ ಇದ್ದ ಬಾನೆಟ್ಟಿನಡಿ ಬಗ್ಗಿದಳು. ಬಲಗಡೆಯ ದೀಪದ ಹಿಂದೆ ಕೈ ಇಳಿಸಿದಳು. ಅಲ್ಲಿ ಮುಷ್ಟಿಗಾತ್ರದ ವಾಲ್ವ್, ಅದಕ್ಕೆ ನಾಲ್ಕು ಸಣ್ಣ ಪೈಪು. ನಾಲ್ಕರ ನಟ್ಟುಗಳೂ ಬೆರಳಲ್ಲೇ ತಿರುಗಿದವು. ಧೂಳಿನ ನಡುವೆ ಸ್ಪ್ಯಾನರಿನ ಗೀರುಗಳು ಹೊಸದಾಗಿ ಹೊಳೆಯುತ್ತಿದ್ದವು.

ಗೋಡೆಯ ಹಲಗೆಯಲ್ಲಿ ಸ್ಪ್ಯಾನರುಗಳು ಸಾಲಾಗಿ ತೂಗುತ್ತಿದ್ದವು. ಹನ್ನೆರಡನೇ ನಂಬರಿನ ಮೊಳೆ ಖಾಲಿ.

"ಎಲಾಮಾನ್, ಈ ಗ್ಯಾರೇಜಿಗೆ ಬಿಡಿಭಾಗ ತರೋದು ಯಾರು?"

"ತುರಾತನ ಹೆಂಡತಿಯ ತಮ್ಮ, ಮೆಲಿಸ್. ಅಗೋ ಅಲ್ಲಿ ಕೂತು ಅಳ್ತಿದಾನೆ, ಪಾಪ. ಆಂಬ್ಯುಲೆನ್ಸ್ ಹೋದ ಮೇಲೆ ಬಜಾರಿನಿಂದ ಬಂದ."

"ಅವನ ಕಾರು ಹುಡುಕು. ಸದ್ದಿಲ್ಲದೆ."

* * *

ಮೆಲಿಸ್ ಮೂವತ್ತರ ಆಸುಪಾಸಿನವನು. ಒಳ್ಳೆಯ ಜ್ಯಾಕೆಟ್ಟು, ಕೆಂಪಾದ ಕಣ್ಣು. ಜಿಪಾರಾ ಒಂದು ಪಿಯಾಲೆ ಚಹಾ ಅವನ ಕೈಗಿಟ್ಟು, ತಾನೂ ಒಂದು ಹಿಡಿದು ಪಕ್ಕದಲ್ಲೇ ಕುಳಿತಳು.

"ಭಾವ ಅಂದ್ರೆ ಪ್ರಾಣ ಅಲ್ವಾ ನಿನಗೆ?"

"ಕೆಲಸ ಕಲಿಸಿದವರೇ ಅವರು ಎಜೆ. ಎಷ್ಟು ಸಲ ಹೇಳಿದ್ದೆ, ಸ್ಟ್ಯಾಂಡ್ ಇಡದೆ ಅಡಿಗೆ ಹೋಗ್ಬೇಡಿ ಅಂತ."

"ಚೀಲ ಒಡೀತು ಅಂತಿದಾರೆ."

"ಈ ಹಳೇ ಕಾರುಗಳೇ ಹಾಗೆ. ಸುಯ್ ಸುಯ್ ಅಂತ ಒಂದಾದ ಮೇಲೊಂದು ನಾಲ್ಕೂ ಬಿಟ್ಕೊಂಡ್ರೆ ಮನುಷ್ಯ ಏನ್ ಮಾಡಕ್ಕಾಗುತ್ತೆ?"

ಜಿಪಾರಾ ಚಹಾ ಗುಟುಕರಿಸಿದಳು. ಅವಸರ ಪಡಲಿಲ್ಲ.

"ಮೆಲಿಸ್, ನೀನು ಬಂದಾಗ ಕಾರು ಆಗಲೇ ಎತ್ತಿ ನಿಲ್ಲಿಸಿದ್ರು. ಕೂತಿದ್ದನ್ನ ನೀನು ನೋಡೇ ಇಲ್ಲ. ಅದು ಒಂದಾದ ಮೇಲೊಂದು ಸುಯ್ ಅಂದಿದ್ದು ಗೋಡೆಯಾಚೆ ಒಬ್ಬರಿಗೆ ಮಾತ್ರ ಕೇಳಿಸಿದೆ. ಅವರು ನನ್ನ ಬಿಟ್ಟು ಯಾರಿಗೂ ಹೇಳಿಲ್ಲ."

ಪಿಯಾಲೆ ಅವನ ಬಾಯಿಯ ಹತ್ತಿರವೇ ನಿಂತಿತು.

"ಅಂದಾಜು... ಅಂದಾಜಲ್ಲಿ ಹೇಳ್ದೆ..."

ಎಲಾಮಾನ್ ಬಾಗಿಲಲ್ಲಿ ಕಾಣಿಸಿಕೊಂಡ. ಏದುಸಿರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ಸ್ಪ್ಯಾನರ್. "ಹನ್ನೆರಡನೇ ನಂಬರು, ಎಜೆ! ಸೀಟಿನ ಕೆಳಗಿತ್ತು. ತುರಾತನ ಹೆಸರು ಕೊರೆದಿದೆ."

ಜಿಪಾರಾ ಎದ್ದು ನಿಂತಳು.

"ಗುಜರಿ ಚೀಲಕ್ಕೆ ಬಣ್ಣ ಬಳಿದು ನಿನ್ನ ಭಾವನಿಗೇ ಹೊಸ ರೇಟಿಗೆ ಮಾರಿದೆ. ಚೀಲ ಸೋರ್ತು, ಸಗೀನ್ ಕೂಗಾಡಿದ, ತುರಾತ್‌ಗೆ ಅನುಮಾನ ಬಂತು. ಇವತ್ತು ಬಣ್ಣ ಉಜ್ಜಿ ವರ್ಷ ತೋರಿಸ್ತೀನಿ ನೋಡು ಅಂತ ನಿನ್ನೆದುರೇ, ಸಿಟ್ಟಲ್ಲಿ ಸ್ಟ್ಯಾಂಡೂ ಇಡದೆ ಅಡಿಗೆ ಹೋದ. ಬಾನೆಟ್ ತೆರೆದಿತ್ತು. ಚೀಲ ತಾನಾಗಿ ಒಡೆದಿದ್ರೆ ಒಂದೇ ಸಲ ಸದ್ದಾಗ್ತಿತ್ತು, ಒಂದೇ ಮೂಲೆ ಇಳೀತಿತ್ತು. ನಾಲ್ಕು ಸದ್ದು ಅಂದ್ರೆ ನಟ್ಟಿಂದ ನಟ್ಟಿಗೆ ಹೋದ ಒಂದು ಕೈ."

"ಹೆದರಿಸೋಕೆ ಎಜೆ! ಬರೀ ಹೆದರಿಸೋಕೆ!" ಮೆಲಿಸ್ ಬಿಕ್ಕಿದ. "ಇಷ್ಟಾಗುತ್ತೆ ಅಂದ್ಕೊಂಡಿರಲಿಲ್ಲ!"

"ಎರಡನೇ ನಟ್ಟಿಗೇ ಅವನು ಕಿರುಚಿದ." ಜಿಪಾರಾಳ ದನಿ ತಗ್ಗಿತು. "ಆಮೇಲೂ ನೀನು ಇನ್ನೆರಡು ಬಿಚ್ಚಿದೀಯ."

ಎಲಾಮಾನ್ ಮೆಲಿಸ್‌ನ ಕೈಗೆ ಬೇಡಿ ಹಾಕಿದ.

* * *

ಆಸ್ಪತ್ರೆಯ ಕಾರಿಡಾರಿನಲ್ಲಿ ತುರಾತನ ಹೆಂಡತಿ ಬುರುಲ್ ಗೋಡೆಗೆ ಒರಗಿ ನಿಂತಿದ್ದಳು. ಶಸ್ತ್ರಚಿಕಿತ್ಸೆ ಮುಗಿದಿತ್ತು. ಐದು ಪಕ್ಕೆಲುಬು ಮುರಿದಿದ್ದವು. ಆದರೆ ಬದುಕುತ್ತಾನೆ ಎಂದಿದ್ದರು ಡಾಕ್ಟರು.

"ಮೆಲಿಸ್ ಎಲ್ಲಿ? ಫೋನೇ ಎತ್ತುತ್ತಿಲ್ಲ," ಎಂದಳು.

ಜಿಪಾರಾ ಅವಳ ಎರಡೂ ಕೈ ಹಿಡಿದು ಹೇಳಿದಳು. ಏನೂ ಮುಚ್ಚಿಡಲಿಲ್ಲ.

ಬುರುಲ್ ಅಳಲಿಲ್ಲ. "ನನ್ನ ತಮ್ಮನನ್ನ ಜೊತೆಗೆ ಸೇರಿಸ್ಕೊಳ್ಳಿ ಅಂತ ದುಂಬಾಲು ಬಿದ್ದವಳು ನಾನೇ," ಎಂದಳು. "ಅವರಿಗೆ ಇಷ್ಟ ಇರಲಿಲ್ಲ."

ನರ್ಸ್ ಬಾಗಿಲು ತೆರೆದು ಬುರುಲ್ ಕಡೆ ನೋಡಿದಳು. "ಕಣ್ಣು ಬಿಟ್ಟಿದಾರೆ. ನಿಮ್ಮನ್ನೇ ಕೇಳ್ತಿದಾರೆ."

"ಹೇಳಿಕೆ ತಗೋಬೇಕು ಎಜೆ. ನಾನು ಮೊದಲು ಹೋಗ್ಲಾ?" ಎಂದಳು ಜಿಪಾರಾ.

"ಬೇಡ." ಬುರುಲ್ ತಲೆವಸ್ತ್ರ ಬಿಗಿದು ಕಟ್ಟಿಕೊಂಡಳು. "ನನ್ನ ತಮ್ಮ ಅಂತ ಅವರು ನಿನ್ನೆದುರು ಸತ್ಯ ನುಂಗಿಬಿಡ್ತಾರೆ. ನನಗೆ ಗೊತ್ತಾಗಿದೆ, ಮುಚ್ಚಿಡಬೇಡಿ ಅಂತ ಮೊದಲು ನಾನೇ ಹೇಳ್ತೀನಿ. ಆಮೇಲೆ ಬಾ."

ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಜಿಪಾರಾ ಪೆನ್ನು ಹಿಡಿದು ಹೊರಗೆ ಕಾದಳು.