ಹಾಲಿನ ಫ್ರಿಜ್ಜಿನಲ್ಲಿ ರಕ್ತದ ಪೆಟ್ಟಿಗೆ

ಕಟ್ಟಡದ ಮೆಟ್ಟಿಲ ಬುಡದಲ್ಲಿ ಲ್ಯಾಬ್‌ನವನು ಅಂಗಾತ ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮನೆಮನೆಗೆ ಹೋಗಿ ಪರೀಕ್ಷೆಗೆ ರಕ್ತ ತೆಗೆದುಕೊಂಡು ಬರುವುದು ಅವನ ಕೆಲಸ. ಆ ರಕ್ತದ ಟ್ಯೂಬುಗಳಿದ್ದ ನೀಲಿ ಐಸ್ ಪೆಟ್ಟಿಗೆ ಮಾಯವಾಗಿತ್ತು.

ಇನ್‌ಸ್ಪೆಕ್ಟರಮ್ಮ ಬರುವಷ್ಟರಲ್ಲಿ ಅವನನ್ನು ಆಸ್ಪತ್ರೆಗೆ ಸಾಗಿಸಿದ್ದರು. ಪ್ರಜ್ಞೆ ಬಂದಿರಲಿಲ್ಲ. ಉಳಿದರೆ ಕಳ್ಳತನದ ಕೇಸು, ಹೋದರೆ ಕೊಲೆ ಕೇಸು.

"ರಕ್ತ ಕದ್ದು ಏನ್ ಮಾಡ್ತಾರೆ ಮೇಡಂ?" ಪೇದೆ ತಲೆ ಕೆರೆದುಕೊಂಡ.

"ಊಟದ ಡಬ್ಬಿ ಅಂದ್ಕೊಂಡಿರಬಹುದು. ಹುಡುಕು. ಕಸದ ತೊಟ್ಟೀನೂ ಬಿಡಬೇಡ."

ಹುಡುಕುವ ಕಷ್ಟ ತಪ್ಪಿತು. ಹಿಂದಿನ ಬೀದಿಯ ಅಂಗಡಿಯವನೇ ಏದುಸಿರು ಬಿಡುತ್ತಾ ಓಡಿ ಬಂದ. ಅವನ ಅಂಗಡಿ ಬಾಗಿಲ ಹೊರಗಿನ ಫ್ರಿಜ್ಜಿನಲ್ಲಿ, ಹಾಲಿನ ಪ್ಯಾಕೆಟ್ಟುಗಳ ಹಿಂದೆ, ಪೆಟ್ಟಿಗೆ ಕೂತಿತ್ತು.

"ನಾನು ಇಟ್ಟಿದ್ದಲ್ಲ ಮೇಡಂ! ಇನ್ಮೇಲೆ ನನ್ನ ಹತ್ರ ಯಾರು ಹಾಲು ತಗೋತಾರೆ?"

ಅವನ ಚಿಂತೆ ಅವನಿಗೆ. ಇನ್‌ಸ್ಪೆಕ್ಟರಮ್ಮ ಪೆಟ್ಟಿಗೆ ತೆರೆದಳು. ಟ್ಯೂಬುಗಳು ತಣ್ಣಗೆ, ಭದ್ರವಾಗಿ ಇದ್ದವು. ಮೂರು ಮಾತ್ರ ಇರಲಿಲ್ಲ. ಲ್ಯಾಬಿಗೆ ಫೋನು ಮಾಡಿದಾಗ ಗೊತ್ತಾಯಿತು, ಮೂರೂ ಇದೇ ಕಟ್ಟಡದ ಮೂರನೇ ಮಹಡಿಯ ಒಂದೇ ಮನೆಯವು. ಆರೋಗ್ಯ ವಿಮೆ, ಜೀವ ವಿಮೆ ಎರಡನ್ನೂ ಮಾಡಿಸಲು ಹೊರಟ ಸಂಸಾರ. ಗಂಡ, ಹೆಂಡತಿ, ಗಂಡನ ತಾಯಿ.

*

ಗೋಡೆ ಹಿಡಿದುಕೊಂಡು, ಮಂಡಿ ಎಳೆಯುತ್ತಾ ಅತ್ತೆ ಬಾಗಿಲು ತೆರೆದಳು. ಸೊಸೆ ನೀರು ತಂದಿಟ್ಟಳು. ಕಣ್ಣ ಕೆಳಗೆ ಊತ. ರವಿಕೆಯ ಮೇಲೆ ಉದ್ದ ತೋಳಿನ ಸ್ವೆಟರು. ಎಡತೋಳು ಮೇಲೆ ಮಡಚಿತ್ತು, ಮೊಣಕೈ ಸಂದಿಯಲ್ಲಿ ಹತ್ತಿ ಅಂಟಿತ್ತು. ಬಲತೋಳು ಮಾತ್ರ ಮಣಿಕಟ್ಟಿನವರೆಗೂ ಇಳಿದಿತ್ತು.

ಶಾಲೆ ವ್ಯಾನಿನ ಡ್ರೈವರ್ ಆಗಿದ್ದ ಗಂಡನನ್ನು ಕರೆಸಿದರು.

"ಆ ಹೊತ್ತಲ್ಲಿ ಎಲ್ಲಿದ್ರಿ?"

"ದಾರೀಲಿ."

"ಇವತ್ತು ವ್ಯಾನ್ ಲೇಟಾಗಿ ಬಂತು ಅಂದ್ರು ಶಾಲೆಯವರು."

ಅವನು ಹಣೆ ಒರೆಸಿಕೊಂಡ. "ಸಿಗರೇಟ್ ಮುಟ್ಟಲ್ಲ ಅಂತ ವಿಮೆಯವರಿಗೆ ಹೇಳಿಬಿಟ್ಟಿದ್ದೀನಿ ಮೇಡಂ. ರಕ್ತದಲ್ಲಿ ಗೊತ್ತಾಗಿಬಿಡುತ್ತಾ ಅಂತ ಗಾಬರಿ. ಗಾಡಿ ನಿಲ್ಲಿಸಿ ಇನ್ನೊಂದು ಸೇದಿದೆ."

ಪೇದೆ ಖುಷಿಯಿಂದ ಕೋಳ ತೆಗೆದ. ಅವನ ಪಾಲಿಗೆ ಕೇಸು ಮುಗಿದಿತ್ತು.

"ನನ್ನ ಮಗ ಅಂಥೋನಲ್ಲ ತಾಯಿ!" ಅತ್ತೆ ಗೋಳಾಡಿದಳು. "ಆ ಲ್ಯಾಬಿನೋನು ಎಷ್ಟು ಒಳ್ಳೆಯವನು! ಇಲ್ಲಿಗೆ ಬರೋಕೆ ಮುಂಚೆ ಹೋಗಿದ್ದ ಮನೇಲಿ ಹಸುಗೂಸಿಗೆ ನರ ಸಿಗದೆ ಮತ್ತೆ ಮತ್ತೆ ಚುಚ್ಚಬೇಕಾಯ್ತು ಅಂತ ಪೇಚಾಡ್ಕೊಂಡ."

"ಯಾವಾಗ ಹೇಳಿದ?"

"ಇವಳ ರಕ್ತ ತೆಗೆಯುವಾಗ. ಮಗ ಆಗಲೇ ಹೋಗಿದ್ದ. ಆಮೇಲೆ ಇವಳು ಹಾಲು ತರ್ತೀನಿ ಅಂತ ಇಳಿದಳು. ಅವನು ಬಿದ್ದಿದ್ದು ನೋಡಿ ಕೂಗಿಕೊಂಡಿದ್ದೂ ಇವಳೇ."

ಇನ್‌ಸ್ಪೆಕ್ಟರಮ್ಮ ಎದ್ದು ಅಡುಗೆಮನೆಗೆ ಹೋಗಿ ಬಂದಳು. ಪೇದೆಗೆ ಕೋಳ ಒಳಗಿಡಲು ಸನ್ನೆ ಮಾಡಿದಳು.

*

"ಮಾಮೂಲಿ ಕಳ್ಳ ಪೆಟ್ಟಿಗೇನ ಚರಂಡಿಗೆ ಎಸೀತಿದ್ದ. ಇದನ್ನ ಕದ್ದವರು ಫ್ರಿಜ್ಜಿನಲ್ಲಿಟ್ಟಿದ್ದಾರೆ. ಕೆಟ್ಟುಹೋದ್ರೆ ಆ ಕೂಸಿಗೆ ಮತ್ತೆ ಚುಚ್ಚಬೇಕಲ್ಲ! ಕೂಸಿನ ವಿಷಯ ಯಜಮಾನರಿಗೆ ಗೊತ್ತೇ ಇಲ್ಲ. ಅಜ್ಜಿಗೆ ಗೊತ್ತು, ಆದ್ರೆ ಮೂರು ಮಹಡಿ ಇಳಿಯೋಕಾಗಲ್ಲ. ಅಮ್ಮಾ, ಹಾಲಿಗೆ ಅಂತ ಹೋದ್ರಲ್ಲ, ಹಾಲೆಲ್ಲಿ?"

ಸೊಸೆ ಸ್ವೆಟರಿನ ಬಲತೋಳನ್ನು ಇನ್ನಷ್ಟು ಕೆಳಗೆಳೆದುಕೊಂಡಳು.

"ಬಲಗೈ ತೋರಿಸಿ."

ತೋಳು ಮೇಲೇರಿತು. ಸೂಜಿ ಚುಚ್ಚಿದ ಜಾಗ ಕಂದಿ, ಸುತ್ತ ಹಳದಿಗೆ ತಿರುಗಿತ್ತು.

"ಇದು ಇವತ್ತಿನ ಗಾಯ ಅಲ್ಲ. ಮೊದಲೇ ಗುಟ್ಟಾಗಿ ಪರೀಕ್ಷೆ ಮಾಡಿಸಿದ್ದೀರಿ. ಏನು ಬರುತ್ತೆ ಅಂತ ಗೊತ್ತಿತ್ತು. ನಿಮ್ಮದೊಂದೇ ತೆಗೆದರೆ ಸಿಕ್ಕಿಬೀಳ್ತೀನಿ ಅಂತ ಮೂರೂ ತೆಗೆದ್ರಿ. ಅವನನ್ನ ತಳ್ಳಿದ್ದೂ ನೀವೇನಾ?"

"ಅಯ್ಯೋ ಇಲ್ಲ!" ಅವಳು ಕುಸಿದು ಕೂತಳು. "ಅವನು ಪೆಟ್ಟಿಗೇನ ಸ್ಕೂಟರ್ ಮೇಲಿಟ್ಟು, ಆ ಕಡೆ ತಿರುಗಿ ಫೋನಲ್ಲಿ ಮಾತಾಡ್ತಿದ್ದ. ಎತ್ಕೊಂಡು ಹಿಂದಿನ ಗೇಟಿಂದ ಹೋದೆ. ವಾಪಸ್ ಬಂದಾಗ ಬಿದ್ದಿದ್ದ. ಅವನು ಸತ್ತರೆ ನಾನೇನು ಮಾಡ್ಲಿ?"

ಆಗ ಆಸ್ಪತ್ರೆಯಿಂದ ಫೋನು ಬಂತು. ಇನ್‌ಸ್ಪೆಕ್ಟರಮ್ಮ ಕಣ್ಣುಮುಚ್ಚಿ ಕೇಳಿಸಿಕೊಂಡಳು.

"ಎಚ್ಚರವಾಗಿದ್ದಾನೆ. ಪೆಟ್ಟಿಗೆ ಮೇಲೆ ಬಿಟ್ಟೆನೇನೋ ಅಂತ ಮೆಟ್ಟಿಲು ಹತ್ತೋಕೆ ಓಡಿದ್ನಂತೆ, ತೊಳೆದ ಮೆಟ್ಟಿಲು ಜಾರಿತಂತೆ. ಬದುಕಿದ. ನೀವೂ ಬದುಕಿದ್ರಿ."

ಗಂಡ ಹೆಂಡತಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಏನಾಗಿದೆ ನಿನಗೆ?"

"ಕಿಡ್ನಿ ರೀ. ಡಾಕ್ಟರು ತಕ್ಷಣ ಅಡ್ಮಿಟ್ ಆಗು ಅಂದ್ರು."

"ಯಾವಾಗ ಹೇಳಿದ್ದು?"

"ಹೋದ ವಾರ. ಪಾಲಿಸಿ ಕೈಗೆ ಬಂದ್ಮೇಲೆ ಹೋಗೋಣ ಅಂತಿದ್ದೆ. ವಿಮೆಯವರು ಬರೀ ಸಹಿ ಸಾಕು ಅಂದಿದ್ರು, ಆಮೇಲೆ ರಕ್ತ ಕೇಳಿದ್ರು. ನನ್ನಿಂದ ನಿಮಗೆ, ಅತ್ತೆಗೆ ಯಾರಿಗೂ ವಿಮೆ ಸಿಗಲ್ಲ ಅಂತ ಹೆದರಿದೆ. ಮುಂದಿನ ಸಲ ರಕ್ತ ಕೊಡೋಕೆ ನನ್ನ ಬದಲು ತಂಗೀನ ಕೂರಿಸೋಣ ಅಂತ..."

ಇನ್‌ಸ್ಪೆಕ್ಟರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಕಳ್ಳರ ಮೇಲೂ ಅವಳಿಗೆ ಇಷ್ಟು ಸಿಟ್ಟು ಬಂದದ್ದು ಕಡಿಮೆ.

"ನಿಮಗೆ ಜಾಸ್ತಿ ಕಟ್ಟಿ ಅನ್ನಬಹುದು, ಕಾಯಿರಿ ಅನ್ನಬಹುದು, ಕೊಡಲ್ಲ ಅಂತಲೂ ಅನ್ನಬಹುದು. ಇವರಿಬ್ಬರದ್ದು ಬೇರೆ ಮಾಡಿಸಬಹುದಿತ್ತಲ್ಲ, ಕೇಳಿದ್ರಾ? ಬಚ್ಚಿಟ್ಟು ತಗೊಂಡ ಪಾಲಿಸಿ ಬೇಕಾದ ದಿನವೇ ಕೈ ಕೊಡುತ್ತೆ. ನಿಮ್ಮ ಸಿಗರೇಟಿಂದೂ ಅಷ್ಟೇ ಸ್ವಾಮಿ."

ಗಂಡನಿಗೆ ಅದು ಕೇಳಿಸಿತೋ ಇಲ್ಲವೋ. "ನೀನೇ ಇಲ್ಲದ ಮೇಲೆ ಆ ಕಾಗದ ಇಟ್ಕೊಂಡು ನಾನೇನೇ ಮಾಡ್ಲಿ?" ಅಂದ.

ಅವಳು ಕಣ್ಣೊರೆಸಿಕೊಂಡು ಎದ್ದಳು. "ನಡೀರಿ ಮೇಡಂ, ಸ್ಟೇಷನ್‌ಗೆ."

"ಮೊದಲು ಆಸ್ಪತ್ರೆ. ಹೇಳಿಕೆ ಅಲ್ಲೇ ಬರ್ಕೋತೀನಿ."

ಊದಿದ ಪಾದ ಚಪ್ಪಲಿಗೆ ಹಿಡಿಯಲಿಲ್ಲ. ಗಂಡ ಆ ಚಪ್ಪಲಿಗಳನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಅವಳನ್ನು ಆತುಕೊಂಡು, ಒಂದೊಂದೇ ಮೆಟ್ಟಿಲು ಇಳಿಸತೊಡಗಿದ.