ಬಾಂದುಕಲ್ಲಿನಡಿಯ ಸಾಕ್ಷಿಗಳು

ಅಕ್ರೋಟ್ ಮರ ಕಡಿಯಬೇಡ ಎಂದು ತಿಬೋ ಕೇಳಿಕೊಂಡಾಗ ಪಕ್ಕದ ಹೊಲದ ಬ್ಲೇಸ್ ನಕ್ಕುಬಿಟ್ಟ. ಮರ ಇದ್ದದ್ದು ಬ್ಲೇಸನ ನೆಲದಲ್ಲಿ, ಇಬ್ಬರ ಹೊಲದ ಗಡಿ ತೋರಿಸುವ ಬಾಂದುಕಲ್ಲಿಗೆ ತಾಗಿದಂತೆ. ಬಂದೂಕಿನ ಹಿಡಿ ಮಾಡುವವರು ಅದರ ಮೇಲೆ ಕಣ್ಣಿಟ್ಟಿದ್ದರು. ಆದರೆ ಬೇಸಿಗೆ ಬಂತೆಂದರೆ ಅದರ ನೆರಳಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದವಳು ತಿಬೋನ ಹೆಂಡತಿ ಪೆರೆಟ್. ಅವಳು ಸತ್ತ ಮೇಲೂ ಅವನು ದಿನಾ ಸಂಜೆ ಅಲ್ಲೇ ಹೋಗಿ ಕೂರುತ್ತಿದ್ದ. ಮನೆಯಲ್ಲಿ ಮಾತಾಡಲು ಒಂದು ಮೇಕೆ ಬಿಟ್ಟರೆ ಯಾರೂ ಇರಲಿಲ್ಲ.

"ನೆರಳು ನಿಂದು ಅಂತ ಯಾರಾದ್ರೂ ಬರ್ಕೊಟ್ಟಿದಾರಾ ಮಾವ? ಹೋಗು, ಆ ಮೇಕೆ ಹತ್ರ ಹೇಳ್ಕೊಂಡು ಅಳು" ಎಂದ ಬ್ಲೇಸ್.

ಅವತ್ತೇ ತಿಬೋ ನಿಶ್ಚಯಿಸಿದ. ಮರ ಸರಿಯುವುದಿಲ್ಲ, ಸರಿ, ಕಲ್ಲು ಸರಿಯಬಹುದಲ್ಲ.

ಕಲ್ಲು ಸರಿಸಿ ಸಿಕ್ಕಿಬಿದ್ದವರು ಆ ಬರ್ಗಂಡಿ ಸೀಮೆಯಲ್ಲಿ ಬೇಕಾದಷ್ಟಿದ್ದರು. ಎಲ್ಲ ಶತದಡ್ಡರು ಎಂಬುದು ತಿಬೋನ ಅಭಿಪ್ರಾಯ. ಅವರು ಕಲ್ಲನ್ನಷ್ಟೇ ಸರಿಸುತ್ತಿದ್ದರು. ಕಲ್ಲು ನೆಡುವ ದಿನ ಅಳತೆಗಾರ ಒಂದು ಹೆಂಚು ಒಡೆದು, ಆ ಮೂಲೆಗೆ ಕೂಡುವ ಹೊಲಗಳಿಗೆ ತಲಾ ಒಂದರಂತೆ ಚೂರುಗಳನ್ನು ಇದ್ದಿಲ ಪುಡಿಯೊಡನೆ ಅಡಿಯಲ್ಲಿ ಹೂಳುತ್ತಾನೆ. ಒಡೆದ ಅಂಚಿಗೆ ಅಂಚು ಕೂಡಿದರೆ ಕಲ್ಲು ತನ್ನ ಜಾಗದಲ್ಲಿದೆ ಎಂದರ್ಥ. ಊರಲ್ಲೂ ಕೋರ್ಟಿನಲ್ಲೂ ಆ ಚೂರುಗಳಿಗೆ ಸಾಕ್ಷಿ ಎಂದೇ ಹೆಸರು.

ಬ್ಲೇಸನ ಹೊಲ ಆ ವರ್ಷ ಬೀಳು ಬಿದ್ದಿತ್ತು. ಮರ ಕಡಿಯುವುದನ್ನು ಚಳಿಗಾಲದಾಚೆಗೆ ಇಟ್ಟುಕೊಂಡಿದ್ದ ಅವನು ಅತ್ತ ಸುಳಿಯುತ್ತಿರಲಿಲ್ಲ. ಒಂದು ಭಾನುವಾರ ಊರೆಲ್ಲ ಇಗರ್ಜಿಯಲ್ಲಿದ್ದಾಗ ತಿಬೋ ಜ್ವರವೆಂದು ಹೇಳಿ ಉಳಿದುಕೊಂಡ. ಹುಲ್ಲನ್ನು ಬೇರುಸಮೇತ ಚಾಪೆಯಂತೆ ಎತ್ತಿಟ್ಟು ಕಲ್ಲು ಕಿತ್ತ. ಅಡಿಯಲ್ಲಿ ಇದ್ದಿಲ ಪುಡಿಯ ನಡುವೆ ಒಂದು ಚೂರು, ಪಕ್ಕದಲ್ಲೇ ಇನ್ನೊಂದು. ತನಗೊಂದು, ಬ್ಲೇಸನಿಗೊಂದು. ಇದ್ದಿಲನ್ನೂ ಬಾಚಿಕೊಂಡು, ಮರದ ಆಚೆಗೆ, ಬ್ಲೇಸನ ನೆಲದೊಳಗೆ, ಹೊಸ ಗುಂಡಿ ತೋಡಿ, ಇದ್ದ ಹಾಗೆಯೇ ಹೂತ. ಕಲ್ಲಿನ ಪಾಚಿ ಮೊದಲಿನಂತೆ ಬಡಗಣಕ್ಕೇ ಇರುವಂತೆ ತಿರುಗಿಸಿ ನಿಲ್ಲಿಸಿದ. ಹಳೆಯ ಗುಂಡಿ ಮುಚ್ಚಿ ಮೇಲೆ ಹುಲ್ಲು ಹೊದಿಸಿದ. ಪೆರೆಟ್ ಇದ್ದಿದ್ದರೆ ಬೈಯುತ್ತಿದ್ದಳು ಎನ್ನಿಸಿತು. ಬೈಯುವುದಕ್ಕಾದರೂ ಅವಳು ಇರಬೇಕಿತ್ತು.

ಚಳಿಗಾಲ ಕಳೆಯುವಷ್ಟರಲ್ಲಿ ಹುಲ್ಲು ಬೇರೂರಿತು. ಬ್ಲೇಸ್ ಕೊಡಲಿ ಹಿಡಿದು ಬಂದ ದಿನವೇ ತಿಬೋ ಪಟ್ಟಣಕ್ಕೆ ಹೋಗಿ ದಾವೆ ಹೂಡಿ, ಮರ ಮುಟ್ಟದಂತೆ ತಡೆ ತಂದ. ಕಲ್ಲು ಸರಿದಿದೆ ಎಂದು ಬ್ಲೇಸ್ ಹಳೆಯ ಜಾಗ ಹೇಳಿ ಬಡಬಡಿಸಿದ. ಅವನ ಪರ ನಿಂತವರಲ್ಲಿ ಒಬ್ಬ ಸ್ವಂತ ಭಾವ, ಇನ್ನೊಬ್ಬ ಕುಡುಕ. ತಿಬೋನ ವಕೀಲ ಇಬ್ಬರ ಮಾತನ್ನೂ ತಳ್ಳಿಹಾಕಿಸಿದ. ಕೋರ್ಟಿಗೆ ಅಲೆದ ಆ ದಿನಗಳು ತಿಬೋಗೆ ಹಿತವಾಗಿದ್ದವು. ಬಾಯಿ ತೆರೆದರೆ ಕೇಳುವವರಿದ್ದರು. ಮನುಷ್ಯರ ಸಾಕ್ಷಿ ನನಗೆ ಬೇಡ, ಕಲ್ಲಿನಡಿ ಅಗೆಸಿ ನೋಡಿ ಎಂದು ಅವನೇ ಕೇಳಿಕೊಂಡ.

ನ್ಯಾಯಾಧೀಶರು ಅಳತೆಗಾರನೊಡನೆ ಹೊಲಕ್ಕೇ ಬಂದರು. ಕಲ್ಲೆತ್ತಿದರೆ ಇದ್ದಿಲು ಸಿಕ್ಕಿತು, ಎರಡು ಚೂರೂ ಸಿಕ್ಕವು. ಅಂಚಿಗೆ ಅಂಚು ಸರಿಯಾಗಿ ಕೂಡಿತು. ಬ್ಲೇಸನ ಮುಖ ಬಿಳಿಚಿಕೊಂಡಿತು. ತಿಬೋ ಆಗಲೇ ಮರಕ್ಕೆ ಒರಗಿ ನಿಂತಿದ್ದ.

ಅಳತೆಗಾರ ಮಾತ್ರ ಮೇಲೇಳಲಿಲ್ಲ. ಕೂಡಿಸಿದ ಹೆಂಚಿನ ಒಂದು ಮೂಲೆ ಖಾಲಿ ಇತ್ತು. "ಮೂರನೇದು ಎಲ್ಲಪ್ಪ?" ಎಂದು ಕೇಳಿದ. "ಇರೋದೇ ಎರಡು ಹೊಲ ಸ್ವಾಮಿ. ನಂದೊಂದು, ಅವಂದೊಂದು" ಎಂದ ತಿಬೋ. ಬ್ಲೇಸ್ ಹೇಳುತ್ತಿದ್ದ ಜಾಗವನ್ನು ಅಗೆಸಿದಾಗ, ಮರದ ಬೇರೊಂದರ ಕೆಳಗಿನಿಂದ ಮೂರನೆಯ ಚೂರು ಬಂತು. ಖಾಲಿ ಮೂಲೆಯಲ್ಲಿ ಸರಿಯಾಗಿ ಕೂತಿತು. ಬ್ಲೇಸ್ ಕೊಡಲಿ ತರಲು ಮನೆಗೆ ಹೊರಟ. ತಿಬೋಗೆ ಆಗ ನೆನಪಾಯಿತು: ಕಲ್ಲು ನೆಟ್ಟದ್ದು ಅವನ ಅಪ್ಪನ ಕಾಲದಲ್ಲಿ, ಅವನ ಮದುವೆಗೂ ಮೊದಲು. ಆಗ ಈ ಮೂಲೆಯಲ್ಲಿ ಮೂರು ಹೊಲ ಕೂಡುತ್ತಿದ್ದವು. ಮೂರನೆಯದು ಪೆರೆಟ್‌ಳ ತವರಿನದು, ಅವಳ ಜೊತೆಗೇ ಬಂದದ್ದು. ಮದುವೆಯ ವರ್ಷವೇ ನಡುವಿನ ಬದುವನ್ನು ಉತ್ತುಹಾಕಿದ ಅವನು, ಅಂದಿನಿಂದ ಅದನ್ನೂ ನನ್ನ ಹೊಲ ಎಂದೇ ಕರೆಯುತ್ತ ಬಂದಿದ್ದ. ಅವಳ ಪಾಲಿನ ಸಾಕ್ಷಿ ಇದ್ದಲ್ಲೇ ಇತ್ತು.